ಅಗ್ಗದ 500 ಎಂಎಂ ಲೆನ್ಸ್: ದುಡ್ಡು ಕೊಡೋ ಮುಂಚೆ ಒಂದು ಲೆಕ್ಕ ಹಾಕಿ

 

ಈ ಸಲದ ವಿಷಯ ಬಂದಿದ್ದು ಒಬ್ಬ ಕೇಳುಗನ ಮೆಸೇಜಿನಿಂದ. ಮದ್ದೂರು ಕಡೆಯ ಹುಡುಗ, ಡಿಗ್ರಿ ಕೊನೇ ವರ್ಷ. ಸಂಜೆ ಹೊತ್ತು ಅಂಗಡಿಯಲ್ಲಿ ಕೆಲಸ ಮಾಡಿ 15,000 ರೂಪಾಯಿ ಉಳಿಸಿದ್ದಾನೆ. ಮಾವ ಕೊಟ್ಟ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ, ಅದರ ಜೊತೆ ಬಂದ 18-55 ಲೆನ್ಸ್ ಇದೆ. ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ ತನ್ನ ಮರಿಗೆ ಮೀನು ತಿನ್ನಿಸೋ ಫೋಟೋ ತೆಗೀಬೇಕು ಅನ್ನೋದು ಆಸೆ. ಆನ್‌ಲೈನ್‌ನಲ್ಲಿ ಅಗ್ಗದ 500 ಎಂಎಂ ಮ್ಯಾನುಯಲ್ ಲೆನ್ಸ್ ನೋಡಿದ್ದಾನೆ. ಅಂಗಡಿಯವರು ಮಾತ್ರ, 'ಅದೆಲ್ಲ ದಂಡ, ಇಎಂಐ ಹಾಕಿ ಒಳ್ಳೇದೇ ತಗೋ' ಅಂದಿದ್ದಾರಂತೆ. ಯಾರ ಮಾತು ಕೇಳಬೇಕು?

ನಾನು ಓದಿದ್ದು ಬಿ.ಕಾಂ. ಹಾಗಾಗಿ ಫೋಟೋ ವಿಷಯಕ್ಕೂ ಲೆಕ್ಕದ ಪುಸ್ತಕ ಹಿಡ್ಕೊಂಡೇ ಬರ್ತೀನಿ. ಎರಡು ವರ್ಷದಿಂದ ನನ್ನ ಹತ್ರ ಒಂದು ಸೆಕೆಂಡ್ ಹ್ಯಾಂಡ್ 500 ಎಂಎಂ ಮಿರರ್ ಲೆನ್ಸ್ ಇದೆ, ಆ ಅನುಭವದ ಮೇಲೂ ಹೇಳ್ತೀನಿ. ಒಂದೇ ಮಾತಲ್ಲಿ ಹೇಳೋದಾದ್ರೆ: ಬೆಲೆ ಎಷ್ಟು, ಎಂಎಂ ಎಷ್ಟು ಅಂತ ಕೇಳೋ ಮುಂಚೆ ನೀವು ತೆಗೀಬೇಕಾದ್ದು ಎಷ್ಟು ದೊಡ್ಡದು, ಎಷ್ಟು ದೂರ ಇದೆ, ಒಂದೇ ಕಡೆ ಇರುತ್ತಾ, ಬೆಳಕು ಸಿಗುತ್ತಾ ಅಂತ ಕೇಳ್ಕೊಳ್ಳಿ. ಈ ನಾಲ್ಕಕ್ಕೂ ಉತ್ತರ ಸರಿಯಾಗಿ ಬಂದ್ರೆ ಅಗ್ಗದ ಲೆನ್ಸ್ ನಿಜವಾಗ್ಲೂ ಲಾಭ. ಒಂದು ತಪ್ಪಿದ್ರೂ ಅದು ಅಟ್ಟ ಸೇರುತ್ತೆ.

ಅಗ್ಗ ಯಾಕೆ?

ಸೂಪರ್ ಟೆಲಿಫೋಟೋ ಅಂದ್ರೆ ಸುಮಾರು 400 ಎಂಎಂನಿಂದ ಮೇಲಿನ, ದೂರದ್ದನ್ನ ಹತ್ರ ತಂದು ತೋರಿಸೋ ಲೆನ್ಸ್. ದೊಡ್ಡ ಕಂಪನಿಗಳ 600 ಎಂಎಂ ಎಫ್/4 ಲೆನ್ಸ್ ಹೊಸದು ತಗೊಳ್ಳೋಕೆ ಹೋದ್ರೆ ಬೆಲೆ 10 ಲಕ್ಷ ದಾಟುತ್ತೆ. ಅದರ ಪಕ್ಕದಲ್ಲೇ 500 ಎಂಎಂ ಎಫ್/8 ಮ್ಯಾನುಯಲ್ ಲೆನ್ಸ್ ಒಂದು ಸಾಧಾರಣ ಫೋನಿನ ಬೆಲೆಗೆ ಸಿಗುತ್ತೆ. ಇದರಲ್ಲಿ ಮೋಸ ಇಲ್ಲ. ಏನೇನು ತೆಗೆದು ಹಾಕಿದ್ದಾರೆ ಅಂತ ಗೊತ್ತಿರಬೇಕು ಅಷ್ಟೇ.

ಮೊದಲನೇದು, ಆಟೋಫೋಕಸ್ ಮೋಟಾರ್ ಇಲ್ಲ. ರಿಂಗ್ ತಿರುಗಿಸಿ ನೀವೇ ಫೋಕಸ್ ಮಾಡ್ಬೇಕು. ಎರಡನೇದು, ಕೈ ನಡುಗಿದ್ರೆ ತಡೆಯೋ ಸ್ಟೆಬಿಲೈಸೇಷನ್ ಇಲ್ಲ. ಮೂರನೇದು, ಚಿಪ್ ಇಲ್ಲ, ಕ್ಯಾಮೆರಾ ಜೊತೆ ಮಾತೇ ಆಡಲ್ಲ. ನಾಲ್ಕನೇದು ದೊಡ್ಡದು, ಬೆಳಕು. ಫೋಕಲ್ ಲೆಂತನ್ನ ಎಫ್ ನಂಬರಿನಿಂದ ಭಾಗಿಸಿದ್ರೆ ಬೆಳಕು ಒಳಗೆ ಬರೋ ಕಿಂಡಿಯ ಅಗಲ ಸಿಗುತ್ತೆ. 600ನ್ನ 4ರಿಂದ ಭಾಗಿಸಿ, 150 ಎಂಎಂ. 500ನ್ನ 8ರಿಂದ ಭಾಗಿಸಿ, 62.5 ಎಂಎಂ. ಅಷ್ಟು ಅಗಲದ ಶುದ್ಧ ಗಾಜು ಮಾಡೋದೇ ದುಬಾರಿ ಕೆಲಸ. ಆ ಲಕ್ಷಗಳು ಬಹುಪಾಲು ಹೋಗೋದು ಆ ಗಾಜಿಗೆ ಮತ್ತು ಆ ಮೋಟಾರಿಗೆ.

ಎರಡು ಜಾತಿ, ಎರಡು ಸ್ವಭಾವ

ಅಗ್ಗದ ಸಾಲಲ್ಲಿ ಮುಖ್ಯವಾಗಿ ಎರಡು ಥರ ಇದೆ.

ಒಂದು, ಉದ್ದನೆ ಕೊಳವೆಯಂಥ ಗಾಜಿನ ಲೆನ್ಸ್. 500 ಎಂಎಂ ಎಫ್/8 ಅಥವಾ ಎಫ್/6.3, ಇಲ್ಲಾಂದ್ರೆ 420-800 ಜೂಮ್. ಒಂದೇ ಕಾರ್ಖಾನೆಯ ಥರದ ಮಾಲು ಹಲವು ಹೆಸರಲ್ಲಿ ಮಾರಾಟ ಆಗುತ್ತೆ. ಇವುಗಳಲ್ಲಿ ಕೆಲವಕ್ಕೆ ಎರಡು ಅಪರ್ಚರ್ ರಿಂಗ್ ಇರುತ್ತೆ, ಪ್ರೀಸೆಟ್ ಅಂತಾರೆ. ಒಂದರಲ್ಲಿ ಎಫ್/11 ಅಂತ ಮೊದಲೇ ಗುರುತು ಇಟ್ಕೊಂಡು, ಇನ್ನೊಂದನ್ನ ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಕಣ್ಣು ತೆಗೀದೇ ತಿರುಗಿಸಿ ಮುಚ್ಚಿ ಕ್ಲಿಕ್ ಮಾಡೋದು. ಇವುಗಳ ದೌರ್ಬಲ್ಯ ಅಂದ್ರೆ ನೇರಳೆ ಅಂಚು. ಗಾಜು ಬೇರೆ ಬೇರೆ ಬಣ್ಣದ ಬೆಳಕನ್ನ ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತೆ, ದುಬಾರಿ ಲೆನ್ಸಲ್ಲಿ ಅದನ್ನ ಸರಿಪಡಿಸೋಕೆ ವಿಶೇಷ ಗಾಜು ಹಾಕಿರ್ತಾರೆ, ಇದರಲ್ಲಿ ಹಾಕಿರಲ್ಲ. ಬೆಳ್ಳಗಿನ ಹಕ್ಕಿ ಪ್ರಕಾಶಮಾನ ಆಕಾಶದ ಮುಂದೆ ಕೂತಿದ್ರೆ ರೆಕ್ಕೆ ಸುತ್ತ ನೇರಳೆ ಗೆರೆ ಎದ್ದು ಕಾಣುತ್ತೆ.

ಇನ್ನೊಂದು, ಮಿರರ್ ಲೆನ್ಸ್. ಒಳಗೆ ಕನ್ನಡಿಗಳಿರುತ್ತೆ. ಬೆಳಕು ಹಿಂದಿನ ಕನ್ನಡಿಗೆ ಬಡಿದು, ಮುಂದಿನ ಚಿಕ್ಕ ಕನ್ನಡಿಗೆ ಹೋಗಿ, ಮತ್ತೆ ಹಿಂದಕ್ಕೆ ಬಂದು ಕ್ಯಾಮೆರಾ ಸೇರುತ್ತೆ. ದಾರಿಯನ್ನ ಮಡಚಿ ಇಟ್ಟ ಹಾಗೆ. ಅದಕ್ಕೇ 500 ಎಂಎಂ ಆದ್ರೂ ಲೆನ್ಸು ಗಿಡ್ಡ, ಹಗುರ. ಸೋವಿಯತ್ ವಿಜ್ಞಾನಿ ದ್ಮಿತ್ರಿ ಮಕ್ಸುತೊವ್ 1941ರಲ್ಲಿ ರೂಪಿಸಿದ ದೂರದರ್ಶಕದ ವಿನ್ಯಾಸದಿಂದಲೇ ಎಂಟಿಒ ಹೆಸರಿನ ಮಿರರ್ ಲೆನ್ಸ್‌ಗಳು ಬಂದವು. 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಬಹುಮಾನ ಗೆದ್ದಿದ್ದನ್ನ ಎಷ್ಟೋ ಎಂಟಿಒ ಲೆನ್ಸಿನ ಮೇಲೆ ಕೆತ್ತಿರೋದು ಇವತ್ತಿಗೂ ಕಾಣುತ್ತೆ. ನಿಕಾನ್, ಟ್ಯಾಮ್ರಾನ್, ಸಮ್ಯಾಂಗ್ 500 ಎಂಎಂ ಎಫ್/8 ಮಿರರ್ ಲೆನ್ಸ್ ಮಾಡಿದ್ದಾರೆ, ಟೊಕಿನಾ ಈಚೆಗೂ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೊಸದಾಗಿ ತಂದಿದೆ.

ಕನ್ನಡಿ ಎಲ್ಲಾ ಬಣ್ಣವನ್ನೂ ಒಂದೇ ಥರ ಪ್ರತಿಫಲಿಸೋದ್ರಿಂದ ನೇರಳೆ ಅಂಚಿನ ಕಾಟ ಬಹಳ ಕಡಿಮೆ. ಆದ್ರೆ ಮಧ್ಯದಲ್ಲಿ ಚಿಕ್ಕ ಕನ್ನಡಿ ಕೂತಿರೋದ್ರಿಂದ ಒಂದಷ್ಟು ಬೆಳಕು ಅಲ್ಲೇ ತಡೆದುಬಿಡುತ್ತೆ. ಎಫ್/8 ಅಂತ ಬರೆದಿದ್ರೂ ಫೋಟೋ ಅದಕ್ಕಿಂತ ಸ್ವಲ್ಪ ಕತ್ತಲೆ. ಅಪರ್ಚರ್ ಬದಲಾಯಿಸೋಕೂ ಆಗಲ್ಲ. ಇನ್ನು ಹಿನ್ನೆಲೆಯಲ್ಲಿ ಮಿಂಚೋ ಪ್ರತಿ ಚುಕ್ಕೆಯೂ ಉದ್ದಿನ ವಡೆ ಆಗುತ್ತೆ, ಮಧ್ಯ ತೂತು ಸಮೇತ. ನೀರಿನ ಮೇಲಿನ ಬಿಸಿಲಲ್ಲಿ ಇದು ಕೆಲವರಿಗೆ ಚೆಂದ ಅನ್ಸುತ್ತೆ. ಒಣಗಿದ ಕಡ್ಡಿಗಳ ಮಧ್ಯೆ ಕೂತ ಹಕ್ಕಿಯಾದ್ರೆ ಹಿಂದಿನ ಒಂದೊಂದು ಕಡ್ಡಿಯೂ ಎರಡೆರಡಾಗಿ ಕಂಡು ಕಣ್ಣಿಗೆ ಚುಚ್ಚುತ್ತೆ.

ಆ ಒಂದು ಲೆಕ್ಕ

ಈಗ ಫೋನಿನ ಕ್ಯಾಲ್ಕ್ಯುಲೇಟರ್ ತೆಗೀರಿ. ಹಕ್ಕಿಯ ಉದ್ದವನ್ನ ದೂರದಿಂದ ಭಾಗಿಸಿ, ಫೋಕಲ್ ಲೆಂತಿನಿಂದ ಗುಣಿಸಿ. ಉದ್ದ, ದೂರ ಎರಡೂ ಮೀಟರಲ್ಲಿ ಇರಲಿ. ಬರೋ ಉತ್ತರ, ಸೆನ್ಸರ್ ಮೇಲೆ ಹಕ್ಕಿ ಎಷ್ಟು ಮಿಲಿಮೀಟರ್ ಜಾಗ ತಗೊಳ್ಳುತ್ತೆ ಅನ್ನೋದು. ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರಿನ ಅಗಲ ಸುಮಾರು 23 ಎಂಎಂ.

ಗುಬ್ಬಚ್ಚಿ 15 ಸೆಂಟಿಮೀಟರ್, 10 ಮೀಟರ್ ದೂರ, 500 ಎಂಎಂ ಲೆನ್ಸ್: 7.5 ಎಂಎಂ. ಫ್ರೇಮಿನ ಮೂರನೇ ಒಂದು ಭಾಗ, ಚೆನ್ನಾಗಿದೆ. ಅದೇ ಗುಬ್ಬಚ್ಚಿ 20 ಮೀಟರ್ ದೂರ ಹೋದ್ರೆ ಆರನೇ ಒಂದು ಭಾಗ. ಅಂದ್ರೆ 500 ಎಂಎಂ ಇದ್ರೂ ಸಣ್ಣ ಹಕ್ಕಿಗೆ ಹತ್ರ ಹೋಗಲೇಬೇಕು. 'ಲೆನ್ಸ್ ತಗೊಂಡ್ರೆ ಕೂತಲ್ಲೇ ಎಲ್ಲಾ ಸಿಗುತ್ತೆ' ಅನ್ನೋದು ಸುಳ್ಳು.

ಹೆಜ್ಜಾರ್ಲೆ ಸುಮಾರು 1.3 ಮೀಟರ್ ಉದ್ದದ ಹಕ್ಕಿ. 30 ಮೀಟರ್ ದೂರದಿಂದ 500 ಎಂಎಂನಲ್ಲಿ ತೆಗೆದ್ರೆ ಸುಮಾರು 22 ಎಂಎಂ, ಫ್ರೇಮ್ ತುಂಬಿ ಹೋಯ್ತು! ಹಾಗಾದ್ರೆ ಬರೀ ಹಕ್ಕಿ ಬೇಕು ಅನ್ನೋರಿಗೆ 250 ಎಂಎಂ ಸಾಕು, ಅರ್ಧ ಫ್ರೇಮ್ ಸಿಗುತ್ತೆ. ಆದ್ರೆ ನಮ್ಮ ಹುಡುಗನಿಗೆ ಬೇಕಿರೋದು ಕೊಕ್ಕು. ಮರಿ ತನ್ನ ತಲೆಯನ್ನೇ ತಾಯಿಯ ಚೀಲದೊಳಗೆ ತೂರಿಸಿ ಮೀನು ತಿನ್ನೋ ಕ್ಷಣ. ಹೆಜ್ಜಾರ್ಲೆ ಕೊಕ್ಕು ಒಂದಡಿ ಚಿಲ್ಲರೆ, 33 ಸೆಂಟಿಮೀಟರ್ ಅಂತ ಇಟ್ಕೊಳ್ಳಿ. 30 ಮೀಟರಿಂದ 500 ಎಂಎಂನಲ್ಲಿ 5.5 ಎಂಎಂ, ಹೆಚ್ಚೂಕಡಿಮೆ ಕಾಲು ಫ್ರೇಮ್. 250ರಲ್ಲಿ ಅದರರ್ಧ. ಇಲ್ಲಿ 500ಕ್ಕೆ ನಿಜವಾದ ಕೆಲಸ ಇದೆ.

ಚಂದ್ರನಿಗೆ ಇನ್ನೂ ಸುಲಭ. ಫೋಕಲ್ ಲೆಂತನ್ನ 110ರಿಂದ ಭಾಗಿಸಿ. 500ಕ್ಕೆ ಸುಮಾರು 4.5 ಎಂಎಂ ಚಂದ್ರ. ಫ್ರೇಮ್ ತುಂಬಲ್ಲ, ಆದ್ರೆ ಕುಳಿಗಳು ಸ್ಪಷ್ಟವಾಗಿ ಕಾಣುತ್ತೆ. ಒಂದು ಎಚ್ಚರಿಕೆ: ಇದೇ ಲೆನ್ಸಲ್ಲಿ ವ್ಯೂಫೈಂಡರ್ ಮೂಲಕ ಸೂರ್ಯನನ್ನ ಯಾವತ್ತೂ ನೋಡ್ಬೇಡಿ. ಕಣ್ಣು ಹೋಗುತ್ತೆ.

ಒಂದೇ ಕಡೆ ಇರುತ್ತಾ? ಬೆಳಕಿದೆಯಾ?

10 ಮೀಟರ್ ದೂರದಲ್ಲಿ 500 ಎಂಎಂ ಎಫ್/8ರಲ್ಲಿ ಫೋಕಸ್ ಆಗಿರೋ ಪಟ್ಟಿಯ ದಪ್ಪ ಹೆಚ್ಚೂಕಡಿಮೆ 13 ಸೆಂಟಿಮೀಟರ್. ಗೇಣಿಗಿಂತ ಕಡಿಮೆ! ಹಕ್ಕಿ ಮುಂದಿನ ಕೊಂಬೆಗೆ ಹಾರಿದ್ರೆ ಫೋಕಸ್ ತಪ್ಪಿತು. ಅದಕ್ಕೇ ಹಾರೋ ಹಕ್ಕಿ, ಓಡೋ ನಾಯಿ, ಕಬಡ್ಡಿ ಮ್ಯಾಚ್ ಇದಕ್ಕೆಲ್ಲ ಮ್ಯಾನುಯಲ್ ಲೆನ್ಸ್ ಬೇಡ. ನಾನು ಒಂದು ಬೆಳಗ್ಗೆ 100 ಫೋಟೋ ತೆಗೆದ್ರೆ ಇಟ್ಕೊಳ್ಳೋ ಹಾಗಿರೋದು ಎಂಟೋ ಹತ್ತೋ. ಅದೂ ಕೂತಿರೋ ಹಕ್ಕಿಗಳದ್ದು.

ಬೆಳಕಿನ ಲೆಕ್ಕ ಹೀಗೆ. ಚುರುಕು ಬಿಸಿಲಲ್ಲಿ ಐಎಸ್‌ಒ 100, ಎಫ್/8 ಇದ್ರೆ ಶಟರ್ ಸ್ಪೀಡ್ ಸೆಕೆಂಡಿನ 400ನೇ ಒಂದು ಭಾಗ ಬರುತ್ತೆ. ಕೈಯಲ್ಲಿ ಹಿಡಿದು 500 ಎಂಎಂ ತೆಗೀಬೇಕಂದ್ರೆ ಈ ಸೆನ್ಸರಿಗೆ ಕನಿಷ್ಠ 750ನೇ ಒಂದು ಭಾಗ ಬೇಕು. ಮರದ ನೆರಳಿಗೆ ಹೋದ್ರೆ ಬೆಳಕು ಎಂಟು ಪಟ್ಟು ಕಮ್ಮಿ ಆಗಬಹುದು. ಆಗ ಐಎಸ್‌ಒ 1600ಕ್ಕೆ ಏರಿಸಿದ್ರೆ 800ನೇ ಒಂದು ಭಾಗ ಸಿಗುತ್ತೆ, ಅಂತೂ ದಾಟಿಸ್ತೀವಿ. ಅದೇ ಜಾಗದಲ್ಲಿ 800 ಎಂಎಂ ಎಫ್/16 ಲೆನ್ಸ್ ಇದ್ರೆ? ನಾಲ್ಕು ಪಟ್ಟು ಕಮ್ಮಿ, 200ನೇ ಒಂದು ಭಾಗ. ಕೈಯಲ್ಲಿ ಹಿಡಿದ್ರೆ ಅಲುಗಿದ ಫೋಟೋ ಗ್ಯಾರಂಟಿ.

ಆದ್ದರಿಂದ '650-1300, ಜೊತೆಗೆ 2ಎಕ್ಸ್ ಕನ್ವರ್ಟರ್ ಫ್ರೀ, ಒಟ್ಟು 2600 ಎಂಎಂ' ಅನ್ನೋ ಜಾಹೀರಾತು ನೋಡಿ ಮರುಳಾಗಬೇಡಿ. 2ಎಕ್ಸ್ ಹಾಕಿದ ತಕ್ಷಣ ಎಫ್ ನಂಬರೂ ಎರಡು ಪಟ್ಟು. ಎಫ್/16 ಇದ್ದಿದ್ದು ಎಫ್/32 ಆಗುತ್ತೆ. ವ್ಯೂಫೈಂಡರಲ್ಲಿ ಮಬ್ಬುಗತ್ತಲೆ. ದೂರದ ಜೊತೆ ಇನ್ನೊಂದು ಶತ್ರು ಗಾಳಿ. ಹತ್ತು ಗಂಟೆ ಮೇಲೆ ನೆಲ ಕಾದು ಗಾಳಿ ಅಲೆಅಲೆಯಾಗಿ ಏಳುವಾಗ ಹತ್ತು ಲಕ್ಷದ ಲೆನ್ಸೂ ಮಸುಕಾಗೇ ತೋರಿಸೋದು.

ನಿಲ್ಲೋ ಜಾಗವೂ ಮುಖ್ಯ. ರಂಗನತಿಟ್ಟಿನಲ್ಲಿ ಹಕ್ಕಿ ನೋಡೋದು ದೋಣಿಯಿಂದ. ದೋಣಿ ತೂಗುತ್ತೆ, ಟ್ರೈಪಾಡ್ ಪ್ರಯೋಜನಕ್ಕೆ ಬರಲ್ಲ, ಫೋಕಸ್ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಅಲ್ಲಿ ಸ್ಟೆಬಿಲೈಸೇಷನ್ ಇರೋ 55-250 ಥರದ ಸಣ್ಣ ಆಟೋಫೋಕಸ್ ಲೆನ್ಸೇ ಗೆಲ್ಲೋದು. ಕೊಕ್ಕರೆ ಬೆಳ್ಳೂರಲ್ಲಿ ಹಾಗಲ್ಲ. ಊರೊಳಗಿನ ಮರಗಳ ಮೇಲೇ ಗೂಡು, ನೀವು ಗಟ್ಟಿ ನೆಲದ ಮೇಲೆ ನಿಂತಿರ್ತೀರಿ, ಹಕ್ಕಿ ಗಂಟೆಗಟ್ಟಲೆ ಗೂಡು ಬಿಟ್ಟು ಕದಲಲ್ಲ. ಮ್ಯಾನುಯಲ್ ಲೆನ್ಸಿಗೆ ಹೇಳಿ ಮಾಡಿಸಿದ ಜಾಗ.

ದುಡ್ಡಿನ ಲೆಕ್ಕ

ಮೊದಲು, ಈ ಲೆನ್ಸ್ ಯಾರಿಗೆ ಬೇಡ ಅಂತ ಹೇಳ್ತೀನಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 250 ಎಂಎಂನಲ್ಲಿ ತೆಗೆದು, 500 ಎಂಎಂ ನೋಟ ಬರೋ ಹಾಗೆ ಕತ್ತರಿಸಿದ್ರೆ ನಾಲ್ಕನೇ ಒಂದು ಭಾಗ ಉಳಿಯುತ್ತೆ, 6 ಮೆಗಾಪಿಕ್ಸೆಲ್. ಅಂದ್ರೆ ಸುಮಾರು 3000 ಪಿಕ್ಸೆಲ್ ಅಗಲ. ಫೋನ್ ಪರದೆಗೆ, ಇನ್‌ಸ್ಟಾಗ್ರಾಮಿಗೆ ಅದು ಧಾರಾಳ. ಅಲುಗಿದ 500ಕ್ಕಿಂತ ಸ್ಪಷ್ಟವಾದ 250 ಯಾವಾಗ್ಲೂ ಮೇಲು. ಎಲ್ಲಾ ಥರದ ಫೋಟೋ ತೆಗೀಬೇಕು, ಒಂದೇ ಲೆನ್ಸಿಗೆ ದುಡ್ಡಿದೆ ಅನ್ನೋರು ಸೆಕೆಂಡ್ ಹ್ಯಾಂಡ್ 55-250 ಅಥವಾ 70-300 ನೋಡಿ.

ಇನ್ನು ಇಎಂಐ. ಸಂಜೆ ಕೆಲಸದ ಸಂಬಳದ ಮೇಲೆ ಎರಡು ವರ್ಷದ ಕಂತು ಕಟ್ಟಿ, ವರ್ಷಕ್ಕೆ ಹತ್ತು ದಿನ ಬಳಸೋ ವಸ್ತು ತಗೊಳ್ಳೋದು ಆಸ್ತಿ ಅಲ್ಲ, ಹೊರೆ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಬೇಕಾದ್ರೆ ದೊಡ್ಡ ಊರುಗಳಲ್ಲಿ ದಿನದ ಬಾಡಿಗೆಗೆ ಒಳ್ಳೇ ಲೆನ್ಸೇ ಸಿಗುತ್ತೆ. ಬಾಡಿಗೆ ಕೇಳಿ, ನಿಮ್ಮ ದಿನಗಳಿಂದ ಗುಣಿಸಿ, ಕೊಳ್ಳೋ ಬೆಲೆ ಜೊತೆ ಹೋಲಿಸಿ.

ಮೂರನೇದು, ಸವಕಳಿ. ನಮ್ಮ ಬಿ.ಕಾಂ. ಭಾಷೆಯಲ್ಲಿ ಡಿಪ್ರಿಸಿಯೇಷನ್. ಹೆಸರಿಲ್ಲದ ಹೊಸ ಲೆನ್ಸ್ ಡಬ್ಬ ಒಡೆದ ದಿನವೇ ಬೆಲೆ ಕಳ್ಕೊಳ್ಳುತ್ತೆ. ಒಳ್ಳೇ ಕಂಪನಿಯ ಹಳೇ ಲೆನ್ಸಿನ ಸವಕಳಿಯನ್ನ ಮೊದಲ ಮಾಲೀಕ ಆಗಲೇ ಹೊತ್ತಾಗಿದೆ. ಉದಾಹರಣೆಗೆ 10,000ಕ್ಕೆ ತಗೊಂಡು ಎರಡು ವರ್ಷ ಬಿಟ್ಟು 8,000ಕ್ಕೆ ಮಾರಿದ್ರೆ ನಿಮ್ಮ ನಿಜವಾದ ಖರ್ಚು 2,000.

ಹಾಗಾದ್ರೆ ಆ ಮದ್ದೂರು ಹುಡುಗನಿಗೆ ನನ್ನ ಉತ್ತರ: ತಗೋ, ಆದ್ರೆ 15,000ವನ್ನೂ ಲೆನ್ಸಿಗೇ ಸುರೀಬೇಡ. ಒಂಬತ್ತು ಹತ್ತು ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ 500 ಎಂಎಂ ಎಫ್/8 ಹುಡುಕು. ಒಂದು ಸಾವಿರ ಅಡಾಪ್ಟರಿಗೆ ಇಟ್ಕೋ. ಉಳಿದಿದ್ದು ಗಟ್ಟಿ ಟ್ರೈಪಾಡಿಗೆ. ದುಡ್ಡು ಸಾಲದಿದ್ರೆ ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ಬದಿ ಹೊಲಿದು, ರಾಗಿ ತುಂಬಿ, ಇನ್ನೊಂದು ಬದಿಯೂ ಹೊಲಿದುಬಿಡು. ಕಾಂಪೌಂಡ್ ಗೋಡೆ ಮೇಲೆ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸಿದ್ರೆ ಸಾಧಾರಣ ಟ್ರೈಪಾಡಿಗಿಂತ ಚೆನ್ನಾಗಿ ನಿಲ್ಲುತ್ತೆ.

ಕೊಳ್ಳುವಾಗ ಏನೇನು ನೋಡ್ಬೇಕು

ಅಡಾಪ್ಟರ್ ವಿಷಯದಲ್ಲಿ ಹುಷಾರು. ಇಂಥ ಎಷ್ಟೋ ಲೆನ್ಸ್‌ಗಳ ಹಿಂದೆ ಟಿ-ಮೌಂಟ್ ಅನ್ನೋ ತಿರುಪು ಇರುತ್ತೆ, 42 ಎಂಎಂ ಅಗಲ. ಹಳೇ ಎಂ42 ತಿರುಪೂ 42 ಎಂಎಂ ಅಗಲವೇ. ಆದ್ರೆ ಟಿ-ಮೌಂಟಿನ ಎಳೆಗಳ ಅಂತರ 0.75 ಎಂಎಂ, ಎಂ42ದು 1 ಎಂಎಂ. ಒಂದಕ್ಕೊಂದು ಕೂರುತ್ತೇನೋ ಅಂತ ಅನ್ಸುತ್ತೆ, ಬಲವಂತ ಮಾಡಿದ್ರೆ ಎಳೆ ಹಾಳು. ಯಾವುದು ಅಂತ ಮಾರೋರನ್ನ ಕೇಳಿಯೇ ತಗೊಳ್ಳಿ.

ಕ್ಯಾನನ್‌ನ ಹಳೇ ಎಫ್‌ಡಿ ಲೆನ್ಸ್ ಅಗ್ಗಕ್ಕೆ ಸಿಗುತ್ತೆ. ಮಿರರ್‌ಲೆಸ್ ಕ್ಯಾಮೆರಾ ಇರೋರಿಗೆ ಅದು ಒಳ್ಳೇದು. ಆದ್ರೆ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹಾಕಿದ್ರೆ ದೂರದ ವಸ್ತುವಿಗೆ ಫೋಕಸ್ ಆಗಲ್ಲ, ಮಧ್ಯೆ ಗಾಜಿರೋ ಅಡಾಪ್ಟರ್ ಬೇಕಾಗುತ್ತೆ. ನಿಕಾನ್‌ನ ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಚಿಪ್ ಇಲ್ಲದ ಲೆನ್ಸ್ ಹಾಕಿದ್ರೆ ಲೈಟ್ ಮೀಟರ್ ಕೆಲಸ ಮಾಡಲ್ಲ. ಮ್ಯಾನುಯಲ್ ಮೋಡಲ್ಲಿ ಒಂದು ಫೋಟೋ ತೆಗೆದು, ಪರದೆ ನೋಡಿ, ಶಟರ್ ಸ್ಪೀಡ್ ಸರಿ ಮಾಡ್ಕೊಳ್ಳಿ. ಮಿರರ್‌ಲೆಸ್ ಆದ್ರೆ ಮೆನುವಿನಲ್ಲಿ 'ಲೆನ್ಸ್ ಇಲ್ಲದೆಯೂ ಶಟರ್ ಬಿಡು' ಅನ್ನೋ ಆಯ್ಕೆ ಆನ್ ಮಾಡಬೇಕಾಗಬಹುದು.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದಾಗ ಫೋನ್ ಟಾರ್ಚ್ ಹಾಕಿ, ಲೆನ್ಸಿನ ಒಂದು ತುದಿಯಿಂದ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆ ಥರ ಎಳೆ ಕಂಡ್ರೆ ಅದು ಫಂಗಸ್. ಮಲೆನಾಡು, ಕರಾವಳಿಯ ತೇವದಲ್ಲಿ ಇಟ್ಟ ಲೆನ್ಸಿಗೆ ಇದು ಬೇಗ ಬರುತ್ತೆ. ಬೇಡ ಅಂತ ವಾಪಸ್ ಕೊಡಿ. ಸಣ್ಣ ಧೂಳಿನ ಕಣ ಇದ್ರೆ ಚಿಂತೆ ಇಲ್ಲ. ಮಿರರ್ ಲೆನ್ಸ್ ಆದ್ರೆ ಒಳಗಿನ ಕನ್ನಡಿ ಕಪ್ಪಾಗಿದೆಯಾ, ಮಚ್ಚೆ ಬಿದ್ದಿದೆಯಾ ನೋಡಿ. ಫೋಕಸ್ ರಿಂಗ್ ಒಂದೇ ಸಮ, ಬೆಣ್ಣೆ ಹಾಗೆ ತಿರುಗಬೇಕು. ಅಲ್ಲಲ್ಲಿ ಸಿಕ್ಕಿಕೊಂಡ್ರೆ ಹಕ್ಕಿ ಮೇಲೆ ಫೋಕಸ್ ಮಾಡೋದು ಅಸಾಧ್ಯ. ಕೊನೇದು, ನಿಮ್ಮ ಕ್ಯಾಮೆರಾ ತಗೊಂಡು ಹೋಗಿ, ಅಡಾಪ್ಟರ್ ಹಾಕಿ, ದೂರದ ಟವರಿಗೆ ಫೋಕಸ್ ಮಾಡಿ. ಟವರ್ ಸ್ಪಷ್ಟ ಆಗದಿದ್ರೆ ಚಂದ್ರನೂ ಆಗಲ್ಲ.

ಮೊದಲ ವಾರ

ಲೆನ್ಸ್ ಕೈಗೆ ಬಂದ ತಕ್ಷಣ ಕಾಡಿಗೆ ಹೊರಡಬೇಡಿ. ಮನೆ ತಾರಸಿಯಿಂದ ಎದುರಿನ ಬೋರ್ಡು, ವಾಟರ್ ಟ್ಯಾಂಕು, ಸಂಜೆ ಚಂದ್ರ ತೆಗೀರಿ. ಲೈವ್ ವ್ಯೂ ಹಾಕಿ ಪರದೆಯನ್ನ ಹತ್ತು ಪಟ್ಟು ಹಿಗ್ಗಿಸಿ ಫೋಕಸ್ ಮಾಡಿ. ರಿಂಗನ್ನ ಸರಿಯಾದ ಜಾಗದಿಂದ ಸ್ವಲ್ಪ ಮುಂದಕ್ಕೆ ದಾಟಿಸಿ ಮತ್ತೆ ಹಿಂದಕ್ಕೆ ತಂದ್ರೆ ಕಣ್ಣಿಗೆ ಬೇಗ ಗೊತ್ತಾಗುತ್ತೆ. ಬಟನ್ ಒತ್ತೋ ಬೆರಳೇ ಕ್ಯಾಮೆರಾ ಅಲುಗಿಸುತ್ತೆ, ಅದಕ್ಕೆ ಎರಡು ಸೆಕೆಂಡಿನ ಟೈಮರ್ ಇಡಿ. ಹುಣ್ಣಿಮೆ ಚಂದ್ರನಿಗೆ ಎಫ್/8, ಐಎಸ್‌ಒ 100, ಸೆಕೆಂಡಿನ 200ನೇ ಒಂದು ಭಾಗದಿಂದ ಶುರು ಮಾಡಿ.

ಕೊಕ್ಕರೆ ಬೆಳ್ಳೂರಿಗೆ ಹೋಗೋರಿಗೆ ಒಂದು ಮಾತು. ಆ ಊರಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಕಾಣ್ತಾರೆ. ಬೇರೆಯವರ ಮನೆ ಅಂಗಳದಲ್ಲಿ ನಿಂತಿರ್ತೀರಿ, ಕೇಳಿ ನಿಲ್ಲಿ. ರೆಕ್ಕೆ ಬಿಚ್ಚಲಿ ಅಂತ ಚಪ್ಪಾಳೆ ತಟ್ಟೋದು, ಕಲ್ಲು ಎಸೆಯೋದು ಬೇಡ. ಗಾಬರಿಯಾಗಿ ತಾಯಿ ಎದ್ದುಬಿಟ್ರೆ ಮರಿ ಗೂಡಿನಿಂದ ಕೆಳಗೆ ಬೀಳಬಹುದು. ದೂರ ನಿಂತು ತೆಗೀಲಿ ಅಂತಲೇ ಅಲ್ವಾ ಉದ್ದನೆ ಲೆನ್ಸ್ ಇರೋದು?

ಇವತ್ತಿಗೆ ಇಷ್ಟು. ನಿಮ್ಮ ಹತ್ರ ಇರೋ ಕ್ಯಾಮೆರಾ ಯಾವುದು, ತೆಗೀಬೇಕಾದ್ದು ಏನು, ಎಷ್ಟು ದೂರ, ಈ ಮೂರನ್ನೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಲೆಕ್ಕ ಹಾಕೋಣ. ಬೆಲೆ ಎಷ್ಟು ಅಂತ ಮಾತ್ರ ಮೊದಲು ಕೇಳ್ಬೇಡಿ.